ಬೋಳು ಕೊರಳಿನ ಮೈನಾ

ಮೇಲೆ ಚಪ್ಪಡಿ ಕರಕರನೆ ಸರಿದ ಸದ್ದಾಯಿತು. ಪ್ರಯಾಗಾ ತಲೆಯೆತ್ತುವಷ್ಟರಲ್ಲಿ ಹಗ್ಗದ ಏಣಿಯ ತುದಿ ಅವಳ ಭುಜಕ್ಕೆ ತಗುಲಿ, ಕೈಗೆ ಸಿಗದೆ ಮೇಲೇರಿ ಹೋಯಿತು.

"ಏ! ಯಾರದು? ಏಣಿ ಬಿಡು ಕೆಳಗ!"

ನೆಲದೊಳಗೆ ಕಾಳು ತುಂಬಿಡುವ ಆ ಹಗೇವಿನ ಬಾಯಲ್ಲಿ ಜೋಳದ ಭಕ್ಕರಿಯಷ್ಟು ಕಾಣುತ್ತಿದ್ದ ಆಕಾಶ ಅರ್ಧ ಭಕ್ಕರಿಯಾಯಿತು, ಚೂರಾಯಿತು, ಕೊನೆಗೆ ಇಲ್ಲವೇ ಆಯಿತು.

"ಪೊಲೀಸರನ್ನ ಹುಗೀತೀಯೇನಲೇ? ಹೊರಗ ಬಂದ ಮ್ಯಾಲ ನಿನ್ನ ಚರ್ಮ ಸುಲಿದು ಡೋಲು ಕಟ್ಟಸ್ತೀನಿ ನೋಡು!"

ಬೈಗುಳ ಮಣ್ಣಿನ ಗೋಡೆಗೆ ಬಡಿದು ಅವಳ ಕಿವಿಗೇ ಮರಳಿತು. ಹಗೇವಿನೊಳಗೆ ನಿಂತು ಬೈದರೆ ಬೈಸಿಕೊಳ್ಳುವವರೂ ನಾವೇ.

ಮೊಬೈಲ್ ತೆಗೆದಳು. ಸಿಗ್ನಲ್ ಇರಲಿಲ್ಲ, ಇದ್ದೀತೆಂಬ ಆಸೆಯೂ ಅವಳಿಗೆ ಇರಲಿಲ್ಲ. ಅದರ ಟಾರ್ಚ್ ಹಚ್ಚಿ ಸುತ್ತ ಹಿಡಿದಳು. ಬಾಯಿ ಕಿರಿದು, ಹೊಟ್ಟೆ ಅಗಲ, ಎರಡಾಳು ಆಳ. ಗೋಡೆಗಳು ಒಳಕ್ಕೆ ಬಾಗಿಕೊಂಡೇ ಮೇಲೇರಿದ್ದವು. ಹಲ್ಲಿ ಹತ್ತಿದರೂ ನಡುವೆ ಜಾರಿ ಬೀಳಬೇಕು. ಹಳೆಯ ಜೋಳದ ಮುಗ್ಗಲು ವಾಸನೆಯ ಜೊತೆಗೆ ಹಸಿ ಹಿಕ್ಕೆಯ ವಾಸನೆ.

ಎದುರಿಗೆ ಹುಲ್ಲಿನ ಮೇಲೆ ಒಂದು ಕರಿಯ ಆಡು. ತುಂಬು ಗಬ್ಬ. ಪಕ್ಕದಲ್ಲಿ ನೀರಿನ ಮಡಕೆ, ಹುಲ್ಲಿನಲ್ಲಿ ಸಿಕ್ಕಿಸಿಟ್ಟ ಹಳೆಯ ಕುಡುಗೋಲು. ಬಾಣಂತಿಯ ಹಾಸಿಗೆಗೆ ದೃಷ್ಟಿ ತಾಗಬಾರದೆಂದು ಕಬ್ಬಿಣ ಇಡುತ್ತಾರಲ್ಲ, ಹಾಗೆ.

"ನೀನೇನವ್ವಾ ಮೈನಾ?" ಎಂದಳು ಪ್ರಯಾಗಾ, ಮೆಲ್ಲಗೆ.

ಆಡು ಹಲ್ಲು ಕಡಿಯಿತು. ಅದಕ್ಕೆ ನೋವು ಶುರುವಾಗಿತ್ತು.

ಕೆಲವು ದಿನಗಳ ಹಿಂದೆ ಸಾವಳದರಾದ ಮುದುಕ ಕೇರಬಾ ಶೇಳಕೆ ತನ್ನ ಕಣದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಅವನ ಹೆಸರಾಂತ ಆಡು ಮೈನಾ ಅದೇ ಸಂಜೆ ಮಾಯವಾಗಿತ್ತು. ಮರುದಿನ ಲಿಂಬಾಜಿ ಖಾಟಿಕನ ಮಾಂಸದಂಗಡಿಯ ಬುಟ್ಟಿಯಲ್ಲಿ ಆಡಿನ ಕೊರಳಿಗೆ ಜೋತಾಡುವ ಎರಡು ಲೋಲಾಕು ಸಿಕ್ಕವು. ಊರಿಗೆ ಅಷ್ಟು ಸಾಕಾಯಿತು, ಠಾಣೆಯ ಸಾಹೇಬರಿಗೂ ಅಷ್ಟೇ ಸಾಕಾಯಿತು: ಲಿಂಬಾಜಿ ಮುದುಕನನ್ನು ಕೊಂದ, ಆಡು ಕದ್ದ, ಕಡಿದು ಮಾರಿದ. ಅಂಗಡಿ ಒಡೆದರು. ಅವನನ್ನು ಹಗ್ಗ ಕಟ್ಟಿ ಎಳೆದು ತಂದವಳು ಈ ಹವಾಲ್ದಾರ್ ಪ್ರಯಾಗಾ ಗಾಡೇಕರಳೇ. ನಾಳೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ.

"ಕೇರಬಾ ನನ್ನ ಗೆಳೆಯ ಇದ್ದ ಬಾಯೀ," ಎಂದು ಲಿಂಬಾಜಿ ದಾರಿಯುದ್ದಕ್ಕೂ ಹೇಳಿದ್ದ. "ದಿನಾ ಸಂಜಿ ಒಂದ ತಂಬಾಕು ಇಬ್ಬರೂ ಹಂಚ್ಕೊಂಡು ತಿಂತಿದ್ವಿ. ಅವನ ಮೈನಾನ ಮ್ಯಾಲ ನಾ ಕತ್ತಿ ಇಡಲೇನು?"

ಎಲ್ಲ ಕಳ್ಳರೂ ಹೀಗೇ ಹೇಳುತ್ತಾರೆ ಎಂದು ಆಗ ಅವಳು ಹಗ್ಗ ಇನ್ನಷ್ಟು ಬಿಗಿದಿದ್ದಳು. ಆಮೇಲೆ ನಿದ್ದೆ ಬರಲಿಲ್ಲ. ಪಾಟೀಲರ ಹಳೆಯ, ಹಾಳುಬಿದ್ದ ವಾಡೆ-ಮನೆಯ ಹಿಂದೆ ನೆಲದೊಳಗಿಂದ ಆಡು ಕೂಗುತ್ತದೆ ಎಂದು ಕಟ್ಟಿಗೆ ಆರಿಸುವ ಹೆಂಗಸರು ಬಂದು ಹೇಳಿದಾಗ ಠಾಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಯಾಗಾ ನಗಲಿಲ್ಲ. ಊಟದ ಹೊತ್ತಿನಲ್ಲಿ ಯಾರಿಗೂ ಹೇಳದೆ ಸ್ಕೂಟರ್ ಹತ್ತಿ ಬಂದಳು. ಜಾಲಿ ಪೊದೆಯಲ್ಲಿ ಹಗ್ಗದ ಏಣಿ ಸಿಕ್ಕಿತು, ಚಪ್ಪಡಿ ಸರಿಸಿ ಇಳಿದಳು. ಯಾರಿಗೂ ಹೇಳದೆ ಬಂದದ್ದು ಎಂಥ ಜಾಣತನ ಎಂಬುದು ಈಗ ಚಪ್ಪಡಿಯ ಕೆಳಗೆ ನಿಂತಾಗ ತಿಳಿಯಿತು.

ಟಾರ್ಚನ್ನು ಆಡಿನ ಕೊರಳಿಗೆ ಹಿಡಿದಳು. ಬೋಳು. ಲೋಲಾಕು ಇರಲಿಲ್ಲ.

ಹಾಗಾದರೆ ಇದು ಮೈನಾ ಅಲ್ಲವೇ? ಆಮೇಲೆ ಕೂದಲ ಒಳಗೆ ಬೆರಳಾಡಿಸಿ ನೋಡಿದಳು. ದವಡೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಗಟ್ಟಿ ಗಂಟು. ಹೊಸ ಗಾಯ. ಮೇಲೆ ಅರಿಸಿನ, ಎಣ್ಣೆ. ಯಾರೋ ಕೊಯ್ದಿದ್ದಾರೆ, ಕೊಯ್ದವರೇ ಮದ್ದು ಹಚ್ಚಿದ್ದಾರೆ. ದಿನವೂ ಹಚ್ಚಿದ್ದಾರೆ.

ಇದು ಮೈನಾ. ಜೀವಂತ ಮೈನಾ. ಅಂದರೆ ಲಿಂಬಾಜಿ ಇದನ್ನು ಕಡಿದಿಲ್ಲ.

ಖುಷಿಗೆ ಅವಳು ಆಡಿನ ಹಣೆಗೆ ಮುತ್ತು ಕೊಟ್ಟೇಬಿಟ್ಟಳು. ಮರುಕ್ಷಣವೇ ತಲೆಯೆತ್ತಿ ಮುಚ್ಚಿದ ಚಪ್ಪಡಿ ನೋಡಿದಳು. ಇದನ್ನು ಹೇಳುವುದಾದರೂ ಯಾರಿಗೆ? ಇಷ್ಟು ದಿನ ಆಡು ಉಸಿರಾಡಲೆಂದು ಚಪ್ಪಡಿಯನ್ನು ಒಂದು ಗೇಣು ತೆರೆದಿಟ್ಟಿದ್ದರು. ಈಗ ಆ ಗೇಣೂ ಮುಚ್ಚಿದೆ. ಒಳಗೆ ಇರುವಷ್ಟೇ ಗಾಳಿ, ಅದರಲ್ಲಿ ಪಾಲು ಕೇಳುವ ಎರಡು ಜೀವ, ಇನ್ನೇನು ಹುಟ್ಟಲಿರುವ ಮತ್ತೊಂದೋ ಎರಡೋ.

ಲೋಲಾಕು ಎಂದರೆ ಏನು ಮಹಾ? ಆಡಿನ ಗಂಟಲ ಕೆಳಗೆ ಜೋತಾಡುವ ಎರಡು ತೊಗಲಿನ ತುಂಡು. ಹಾಲು ಕೊಡುವುದಿಲ್ಲ, ನೊಣ ಓಡಿಸುವುದಿಲ್ಲ, ಯಾವ ಕೆಲಸಕ್ಕೂ ಬಾರದ ಸೋಮಾರಿ ವಸ್ತು. ಆದರೂ ಅದರ ಸಲುವಾಗಿ ಸಾವಳದರಾದಲ್ಲಿ ಎರಡು ಮನೆಗಳ ನಡುವೆ ಮೂರು ತಲೆಮಾರಿನಿಂದ ನೀರು ಬೆಂಕಿಯ ಕೊಡುಕೊಳ್ಳುವಿಕೆಯೂ ಇರಲಿಲ್ಲ.

ಕೇರಬಾನ ಮನೆಯವರಾದ ಶೇಳಕೆಯವರಿಗೆ ಅದು ಭವಾನಿ ತನ್ನ ಕಿವಿಯಿಂದ ಬಿಚ್ಚಿ ಕೊಟ್ಟ ಒಡವೆ. ಮರಿ ಹುಟ್ಟಿದರೆ ಮೊದಲು ಲೋಲಾಕಿಗೆ ಅರಿಸಿನ ಕುಂಕುಮ, ಆಮೇಲೆ ತಾಯಿಗೆ ಬೆಲ್ಲ. ಪಾಟೀಲರಿಗೆ ಅದು ನೇಣಿನ ಹಗ್ಗದ ತುಂಡು. ನಿಜಾಮನ ಕಾಲದಲ್ಲಿ ಆ ಮನೆಯ ಅಜ್ಜನೊಬ್ಬನನ್ನು ಗಲ್ಲಿಗೆ ಹಾಕಿದ್ದರಂತೆ. ಅಂದಿನಿಂದ ಆ ಮನೆಯಲ್ಲಿ ಯಾರ ಕೊರಳಿಂದಲೂ ಏನೂ ಜೋತಾಡಬಾರದು. ಹೆಂಗಸರು ಮಂಗಳಸೂತ್ರವನ್ನೂ ಕುತ್ತಿಗೆಗೆ ಹತ್ತಿಸಿಯೇ ಕಟ್ಟುತ್ತಾರೆ. ಅಪ್ಪಿತಪ್ಪಿ ಲೋಲಾಕಿನ ಮರಿ ಹುಟ್ಟಿದರೆ ನಾಮಕರಣಕ್ಕೂ ಕಾಯದೆ ಬುಡಕ್ಕೆ ಕುದುರೆ ಕೂದಲು ಬಿಗಿಯುತ್ತಾರೆ. ರಕ್ತ ಬರುವುದಿಲ್ಲ. ತಾನಾಗಿ ಒಣಗಿ ಉದುರುತ್ತದೆ.

ಹೀಗಿರುವಾಗ ಪಾಟೀಲರ ಬೋಳು ಕೊರಳಿನ ಹೋತ ಗೋಡೆ ಹಾರಿ ಕೇರಬಾನ ಕೊಟ್ಟಿಗೆಗೆ ಹೋಗಿ ಬಂತು. ಮೈನಾ ಗಬ್ಬವಾಯಿತು. ಊರು ಬಿದ್ದು ಬಿದ್ದು ನಕ್ಕಿತು, ಎರಡು ಮನೆಗಳನ್ನು ಬಿಟ್ಟು. "ಹೋತ ನಂದು, ಮರೀನೂ ನಂದೇ," ಎಂದು ಆ ಮನೆಯ ಯಜಮಾನ ಉತ್ತರೇಶ್ವರ ಪಾಟೀಲ ಹಟ ಹಿಡಿದಿದ್ದ.

ಹಾಗಾಗಿ ಪ್ರಯಾಗಾಳ ಮೊದಲ ಅನುಮಾನ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ವಾಡೆ ಪಾಟೀಲನದು, ಹಗೇವು ಪಾಟೀಲನದು.

"ಪಾಟೀಲ್ರೇ!" ಎಂದು ಕೂಗಿದಳು. "ಗೊತ್ತಾತು ನನಗ! ಚಪ್ಪಡಿ ತಗೀರಿ. ಕೂತು ಮಾತಾಡೋಣು!"

ಮೇಲೆ ಯಾರೋ ಇದ್ದರು. ಬಳಿಗೆ ಸರಿದ ಸದ್ದು, ಕಲ್ಲಿಗೆ ಏನೋ ತಾಗಿದ ಸದ್ದು. ಹೋಗುವ ಮನಸ್ಸಿಲ್ಲ, ತೆಗೆಯುವ ಧೈರ್ಯವಿಲ್ಲ.

ಪಾಟೀಲನಾದರೆ ಈ ಕುಡುಗೋಲು ಯಾಕೆ? ಈ ಅರಿಸಿನ ಯಾಕೆ? ಯೋಚನೆ ಮುಂದೆ ಸಾಗಲಿಲ್ಲ. ಮೈನಾ ಒಮ್ಮೆ ಕಿರುಚಿ ಮಗ್ಗುಲಿಗೆ ಉರುಳಿತು.

ಪ್ರಯಾಗಾ ಬಾರ್ಶಿ ಕಡೆಯವಳು. ಅವ್ವ ಆಡು ಸಾಕಿದ್ದಳು; ಚಿಕ್ಕಂದಿನಲ್ಲಿ ಆಡು ಈಯುವಾಗ ಕಂದೀಲು ಹಿಡಿದದ್ದು ಬಿಟ್ಟರೆ ಅವಳ ಅನುಭವ ಅಷ್ಟಕ್ಕಷ್ಟೇ. ಮೊಬೈಲನ್ನು ಗೋಡೆಗೆ ಒರಗಿಸಿ, ಯೂನಿಫಾರ್ಮಿನ ತೋಳು ಮೇಲಕ್ಕೆ ಮಡಚಿ ಕೂತಳು.

ಮೊದಲ ಮರಿ ಅವಳಿಗೆ ಕಷ್ಟ ಕೊಡಲಿಲ್ಲ. ಎರಡು ಗೊರಸು, ಮೂಗು, ಆಮೇಲೆ ಸರ್ರನೆ ಇಡೀ ಮೈ. ಲೋಳೆ ಒರೆಸಿದಳು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದಳು. ಮರಿ ಸೀನಿ, ತೆಳ್ಳಗಿನ ದನಿಯಲ್ಲಿ ಕೂಗಿತು.

ಪ್ರಯಾಗಾಳಿಗೆ ತಡೆಯಲಾಗಲಿಲ್ಲ. ಮೇಲಿದ್ದವರು ಕೊಲೆಗಾರರೇ ಆಗಿರಲಿ, ಇಂಥ ಸುದ್ದಿ ಹೇಳದೆ ಇರುವುದು ಹೇಗೆ?

"ಈದಾಳ ನೋಡ್ರಿ ಮೈನಾ! ಒಂದು ಮರಿ ಬಂತು!"

ಕಲ್ಲಿನ ಸಂದಿನಿಂದ, ತಡೆತಡೆದು, ಒಂದು ಹೆಣ್ಣು ದನಿ:

"ಎರಡೂ ಕಡೆ ಅದಾವೇನು?"

ಪ್ರಯಾಗಾಳ ಕೈ ಮರಿಯ ಬೆನ್ನ ಮೇಲೆಯೇ ನಿಂತಿತು.

ಆಡು ಈದಿತು ಎಂದರೆ ಲೋಕವೆಲ್ಲ ಕೇಳುವುದು ಗಂಡೋ ಹೆಣ್ಣೋ ಎಂದು. ಪಾಟೀಲ ಹಾಗೆ ಕೇಳುತ್ತಿದ್ದ, ಸಾಹೇಬರೂ ಹಾಗೆ ಕೇಳುತ್ತಿದ್ದರು. ಗಂಡು ಹೆಣ್ಣು ಬಿಟ್ಟು ಮೊದಲು ಕೊರಳನ್ನು ಕೇಳುವ ಮನೆ ಈ ಸೀಮೆಯಲ್ಲಿ ಒಂದೇ. ಕೇರಬಾನ ಅಂಗಳದಲ್ಲಿ ಅವನ ಸಾವಿನ ಬಗ್ಗೆ ಜವಾಬು ಬರೆದುಕೊಳ್ಳುವಾಗ ನೆರೆಯವಳು ತನ್ನ ಆಡು ಈದ ಸುದ್ದಿ ತಂದಿದ್ದಳು. ಅಷ್ಟು ಹೊತ್ತು ಪ್ರಯಾಗಾಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ ಕೇರಬಾನ ಸೊಸೆ ಕಣ್ಣೊರೆಸಿಕೊಳ್ಳುತ್ತಲೇ ಇದೇ ಮಾತು ಕೇಳಿದ್ದಳು.

"ಗಹರಾ," ಎಂದಳು ಪ್ರಯಾಗಾ.

ಮೇಲೆ ಬಳೆ ಸದ್ದು ಮಾಡಿದವು. ಬಾಯಿ ಮುಚ್ಚಿಕೊಂಡಿರಬೇಕು. ಆಡಿದ ಮಾತು ಆಗಲೇ ಕೆಳಗಿಳಿದಿತ್ತು.

"ಹೇಳ್ರಿ ಅಕ್ಕಾ. ಎರಡೂ ಕಡೆ ಅದಾವೇನು?"

"ಕಲ್ಲು ಸರಸು, ಹೇಳತೀನಿ."

"ಮೊದಲು ಹೇಳ್ರಿ."

"ನನ್ನ ಹೆಗಲ ಮ್ಯಾಲ ತಲಿ ಇಟ್ಟು ಅತ್ತೀ. ಮೂರು ವಾಟಿ ಚಹಾ ಕುಡಿಸಿದಿ. ಈಗ ನನ್ನ ಜೀವಂತ ಹುಗದು ಮರಿ ಕೊರಳು ಕೇಳತೀ?"

"ನಿಮ್ಮನ್ನ ಕೊಲ್ಲಾಕಲ್ಲ ಅಕ್ಕಾ! ಭವಾನಿ ಆಣೆ. ಅಂಬಲಿ ತಗೊಂಡು ಬಂದೆ. ಸ್ಕೂಟರ್ ಕಂಡೆ, ಏಣಿ ಕಂಡೆ. ಕೈ ತಾನಾಗಿ ಏಣಿ ಜಗ್ಗಿಬಿಟ್ಟಿತು. ಈಗ ಏನು ಮಾಡಬೇಕು ತಿಳೀವಲ್ದು. ತಗದ್ರ ನಾ ಹೋದೆ, ತಗೀದಿದ್ರ ನೀವು ಹೋದ್ರಿ."

ಸುಳ್ಳಿರಲಿಲ್ಲ ಆ ದನಿಯಲ್ಲಿ. ಕಲ್ಲಿನ ಕೆಳಗಿದ್ದವಳಿಗೂ ಮೇಲಿದ್ದವಳಿಗೂ ಉಸಿರು ಒಂದೇ ರೀತಿ ಕಟ್ಟಿತ್ತು.

"ಕೇಳು ಗಹರಾ. ಇನ್ನೊಂದು ಮರಿ ಐತಿ. ಒಂದ ಕಾಲು ಹೊರಗ ಬಂದದ, ಇನ್ನೊಂದು ಒಳಗ ಮಡಚಿಕೊಂಡದ. ಎಣ್ಣಿ ಇಲ್ಲ, ಬೆಳಕಿಲ್ಲ, ಗಾಳಿ ಇಲ್ಲ. ಹಿಂಗ ಬಿಟ್ರ ಮರಿ ಹೋಗ್ತದ, ಮೈನಾ ಹೋಗ್ತಾಳ, ಕೊನಿಗೆ ನಾನೂ. ಪೊಲೀಸಿನವಳು ಸತ್ರ ಸಾಯಲಿ. ಮೈನಾನ್ನ ಕೊಲ್ತೀಯೇನು?"

ಚಪ್ಪಡಿ ಸರಿಯಿತು. ಒಂದು ಗೇಣು, ಮತ್ತೊಂದು ಗೇಣು. ಬೆಳಕಿನ ಜೊತೆ ಬಿಸಿ ಗಾಳಿ ಒಳಗಿಳಿಯಿತು. ಸಾವಳದರಾದ ಬೇಸಿಗೆಯ ಗಾಳಿಯನ್ನು ಜನ ಶಪಿಸುತ್ತಾರೆ; ಪ್ರಯಾಗಾ ಅದನ್ನು ಬಾಯ್ತುಂಬ ಕುಡಿದಳು.

ಹಗ್ಗಕ್ಕೆ ಕಟ್ಟಿದ ಬುಟ್ಟಿ ಕೆಳಗೆ ಬಂತು. ಅದರಲ್ಲಿ ಸಜ್ಜೆ ಅಂಬಲಿಯ ಡಬ್ಬಿ, ಕುಸುಬಿ ಎಣ್ಣೆಯ ಸೀಸೆ. "ಮರಿ ಕಳಸ್ರಿ," ಎಂದಳು ಮೇಲಿನವಳು.

ಪ್ರಯಾಗಾ ಡಬ್ಬಿ ಸೀಸೆ ತೆಗೆದಿಟ್ಟು, ಮರಿಯನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಗಿಟ್ಟಳು. ಬುಟ್ಟಿ ತೂಗಾಡುತ್ತ ಮೇಲೆ ಹೋಯಿತು. ಬಿಸಿಲಿನ ಚೌಕದಲ್ಲಿ ಗಹರಾಳ ಮುಖ ಕಂಡಿತು. ಬೆರಳಿನಿಂದ ಮರಿಯ ಗಲ್ಲ ಎತ್ತಿದಳು. ಒದ್ದೆ ಲೋಲಾಕು ಎರಡು, ದ್ರಾಕ್ಷಿ ಕಟ್ಟಿದಂತೆ, ಜೋತಾಡಿದವು.

"ಅದಾವ," ಎಂದು ನಕ್ಕಳು. ನಗುತ್ತಲೇ ಅಳತೊಡಗಿದಳು. "ಹೇಳಿದ್ದೆ ಮೈನಾ ನಿನಗ. ಮತ್ತ ಬರ್ತಾವ ಅಂತ ಹೇಳಿದ್ದೆ."

"ನೀನ ಕೊಯ್ದೀಯೇನು?"

"ನಾನ ಕೊಯ್ದೆ."

"ಯಾಕ?"

ಗಹರಾ ಮರಿಯನ್ನು ಸೆರಗಿನೊಳಗೆ ಹಾಕಿಕೊಂಡು ಹಗೇವಿನ ಬಾಯಿಗೆ ಕುಕ್ಕರಿಸಿದಳು.

"ಮೈನಾನ ಅಜ್ಜಿ ನನ್ನ ಜೋಡಿ ನಳದುರ್ಗದಿಂದ ಬಂದಾಳ ಅಕ್ಕಾ. ಅವ್ವ ಬಳುವಳಿ ಕೊಟ್ಟದ್ದು. ಬಂಗಾರ ಕೊಡಾಕಾಗಲಿಲ್ಲ, ಇದ ನಿನ್ನ ಬಂಗಾರ ಅಂದ್ಲು. ಗಂಡ ಪುಣೆದಾಗ ಲಾರಿ ಮ್ಯಾಲ. ಮನಿಯಾಗ ನನ್ನದು ಅಂತ ಇದ್ದದ್ದು ಇದೊಂದ. ಅವತ್ತು ಸಂಜಿ ಪಾಟೀಲ ನೀರಿನ ಟಾಕಿ ಹತ್ರ ನಿಂತು ನಕ್ಕೋತ ಹೇಳಿದ. ನಿಮ್ಮ ಮಾವ ಮಾತು ಕೊಟ್ಟಾನವ್ವಾ, ನಾಳೆ ಮೈನಾ ನಮ್ಮ ಮನೀಗೆ ಬರ್ತಾಳ. ಕುದುರಿ ಕೂದಲು ತಯಾರ ಮಾಡೀನಿ ಅಂದ."

"ಅದಕ್ಕ ಓಡಿಸಿದಿ."

"ಹಿತ್ತಲ ಬಾಗಲದಿಂದ. ಲೋಲಾಕು ಇದ್ರ ಯಾವ ಊರಾಗ ಮುಚ್ಚಿಡಲಿ? ಎಲ್ಲಾರೂ ಗುರುತು ಹಿಡೀತಾರ. ಕೊಯ್ದ್ರ ನೂರು ಕರಿ ಆಡಿನಾಗ ಇದೂ ಒಂದು. ಹಗ್ಗಕ್ಕ ಜೋಳಿಗಿ ಕಟ್ಟಿ ಇಲ್ಲೇ ಇಳಿಸಿ ಇಟ್ಟೆ. ಪಾಟೀಲನ ಹಗೇವಿನಾಗ ಶೇಳಕೆಯವರ ಆಡು ಯಾರು ಹುಡುಕ್ತಾರ? ಅವನು ತಗೀತೀನಿ ಅಂದದ್ದನ್ನ ಉಳಿಸಾಕ ಹೋಗಿ ನನ್ನ ಕೈಲೇ ತಗದೆ. ಗಂಡನ ದಾಡಿ ಬ್ಲೇಡಿನಿಂದ."

ಪ್ರಯಾಗಾ ಸಿಟ್ಟು ಮಾಡಬೇಕೆಂದುಕೊಂಡಳು, ಆಗಲಿಲ್ಲ. ಅಂಗೈಗೆ ಎಣ್ಣೆ ಸುರಿದುಕೊಂಡು ಮೈನಾನ ಪಕ್ಕ ಕೂತು, ಒಳಗೆ ಮಡಚಿದ್ದ ಕಾಲನ್ನು ಬೆರಳಲ್ಲಿ ಹುಡುಕುತ್ತಲೇ ಮುಂದಿನ ಪ್ರಶ್ನೆ ಕೇಳಿದಳು.

"ನಿಮ್ಮ ಮಾವ ಮಾಮಂಜಿಯನ್ನ ನೂಕಿದವಳೂ ನೀನೇಯೇನು?"

"ಇಲ್ಲ! ಕಣದ ಕಟ್ಟಿ ಮ್ಯಾಲ ತಂಬಾಕು ತಿಕ್ಕೋತ ಕುಂತಿದ್ರು. ನನ್ನ ಕಡೆ ಬೆನ್ನಿತ್ತು. ಜೀವಂತ ಇದ್ರು ಅಕ್ಕಾ. ನಾ ಇಲ್ಲಿಂದ ತಿರುಗಿ ಹೋಗೂದರಾಗ ಜನ ಕೂಡಿತ್ತು. ಆಡು ನನ್ನ ಹತ್ರ ಐತಿ ಅಂದ್ರ ಮಾವನ್ನೂ ನೀನ ಕೊಂದಿ ಅಂತಾರ. ಬಾಯಿ ಹೊಲಕೊಂಡೆ."

"ನಿನ್ನ ಬಾಯಿ ಹೊಲಕೊಂಡಿ, ಲಿಂಬಾಜಿ ಕೊರಳು ಕೊಟ್ಟಿ. ಮೈನಾನ ಲೋಲಾಕು ಒಯ್ದು ಅವನ ಬುಟ್ಟಿಗೆ ಒಗದವಳು ನೀನ ಅಲ್ಲೇನು?"

"ನಾ ಯಾಕ ಒಗೀಲಿ? ನನ್ನ ಹತ್ರನ ಅದಾವ."

ಪ್ರಯಾಗಾ ತಲೆಯೆತ್ತಿದಳು. "ಏನಂದಿ?"

"ಮೈನಾನ ಲೋಲಾಕು ನನ್ನ ಸೆರಗಿನಾಗ ಅದಾವ. ಲಿಂಬಾಜಿ ಕಾಕಾನ ಅಂಗಡ್ಯಾಗ ಹೆಂಗ ಸಿಕ್ಕವು ಅಂತ ನಾನೂ ಹಗಲೆಲ್ಲಾ ತಲಿ ಕೆಡಿಸಿಕೊಂಡೀನಿ."

ಬುಟ್ಟಿ ಮತ್ತೆ ಇಳಿಯಿತು. ಅರಿಸಿನ ಮೆತ್ತಿದ ಬಟ್ಟೆಯ ಗಂಟು. ಪ್ರಯಾಗಾ ಎಡಗೈಯಲ್ಲಿ ಬಿಚ್ಚಿ ಟಾರ್ಚಿಗೆ ಹಿಡಿದಳು. ಎರಡು ಲೋಲಾಕು, ಒಂದೊಂದೂ ಹೆಬ್ಬೆರಳುದ್ದ, ಕರಿ ಕೂದಲು, ಬಿಳಿ ತುದಿ. ಬ್ಲೇಡಿನ ನೇರ ಗಾಯ.

ಹಾಗಾದರೆ ಠಾಣೆಯಲ್ಲಿ ಅರಗಿನ ಮುದ್ರೆ ಒತ್ತಿ ಇಟ್ಟಿರುವವು ಯಾರವು?

ಅವು ಕಣ್ಣ ಮುಂದೆ ಬಂದವು. ಒಣದ್ರಾಕ್ಷಿಯಷ್ಟು. ರಕ್ತದ ಕಲೆ ಇರಲಿಲ್ಲ. ಬುಡದಲ್ಲಿ ಸುತ್ತಲೂ ಒಂದು ಸಣ್ಣ ಗೆರೆ, ನೂಲು ಬಿಗಿದು ಬಿಟ್ಟಂತೆ. ಇಷ್ಟು ಸಣ್ಣವೇ ಎಂದು ಅವಳು ಅಂದು ಕೇಳಿಯೂ ಇದ್ದಳು. "ಒಣಗಿ ಕುಗ್ಗ್ಯಾವ ಜಮಾದಾರ ಬಾಯೀ," ಎಂದಿದ್ದ ಪಂಚನಾಮೆಗೆ ಸಾಕ್ಷಿಯಾಗಿ, ಪಂಚನಾಗಿ ನಿಂತಿದ್ದ ದೊಡ್ಡ ಮನುಷ್ಯ. ಒಂದೇ ರಾತ್ರಿಯಲ್ಲಿ, ಹಸಿ ತೊಗಲಿನ ಬುಟ್ಟಿಯಲ್ಲಿ, ಹೆಬ್ಬೆರಳು ಒಣಗಿ ದ್ರಾಕ್ಷಿಯಾಗುತ್ತದೆಯೇ? ಅಂದು ಆ ಪ್ರಶ್ನೆ ಹೊಳೆಯಲಿಲ್ಲ. ಈಗ ಹೊಳೆಯಿತು.

ಅವು ಎಳೆಯ ಮರಿಯ ಲೋಲಾಕು. ಕೊಯ್ದದ್ದಲ್ಲ, ಕುದುರೆ ಕೂದಲು ಬಿಗಿದು ಉದುರಿಸಿದ್ದು. ಹುಟ್ಟುತ್ತಲೇ ಉದುರಿಸುವ ಮನೆಯವರಿಗೆ, ಲೋಲಾಕು ಆಡಿನ ಜೊತೆ ಎಷ್ಟು ಬೆಳೆಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಬೆಳೆದದ್ದನ್ನು ಅವರು ಕೈಯಲ್ಲಿ ಹಿಡಿದು ನೋಡಿಯೇ ಇರುವುದಿಲ್ಲ.

ಬುಟ್ಟಿಯೊಳಗೆ ಮೊದಲು ಕೈಹಾಕಿ ಅವನ್ನು ಎತ್ತಿ ತೋರಿಸಿದವನೂ ಆ ಪಂಚನೇ, ಉತ್ತರೇಶ್ವರ ಪಾಟೀಲ.

"ಗಹರಾ," ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನ್ನಿಸಿತು. "ಮಾಮಂಜಿ ಮಾತು ಕೊಟ್ಟಾರ ಅಂದ್ಯಲ್ಲ. ಅವರ ಬಾಯಿಂದ ಕೇಳೀಯೇನು?"

"ಪಾಟೀಲ ಹೇಳಿದ."

"ಮಾಮಂಜಿ ಹೇಳಿದ್ರೇನು?"

ಗಹರಾ ಮರಿಯನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿಕೊಂಡಳು.

"ಒಂದು ವ್ಯಾಳೆ ಅವರು ಕೊಡಂಗಿಲ್ಲ ಅಂದಿದ್ರ? ಸೊಸಿ ಬಳುವಳಿ ಅದು, ಕೊಡಾಕ ನಾ ಯಾರು ಅಂದಿದ್ರ? ಕಣದ ಕಟ್ಟಿ ಮ್ಯಾಲ ಕುಂತು ಅವರು ಯಾರ ದಾರಿ ಕಾಯ್ತಿದ್ರು?"

ಮಾವ ತನ್ನ ಆಡನ್ನು ಕೊಟ್ಟುಬಿಟ್ಟನೆಂದು ಗಹರಾ ಅಂದಿನಿಂದ ಒಳಗೊಳಗೇ ಶಪಿಸಿದ್ದಳು. ಹೆಣದ ಮುಂದೆ ಅತ್ತ ಅಳುವಿನಲ್ಲೂ ಅರ್ಧ ಆ ಶಾಪವೇ ಇತ್ತು. ಈಗ ಆ ಮುದುಕ ಅವಳ ಆಡಿಗಾಗಿ ಸತ್ತಿದ್ದರೆ?

"ಅಯ್ಯೋ ಮಾಮಂಜೀ," ಎಂದಳು, ಅಷ್ಟೇ.

"ಅಳಬ್ಯಾಡ ಈಗ. ಏಣಿ ಬಿಡು. ಲಿಂಬಾಜಿ ಕೋರ್ಟಿಗೆ ಹೋಗೂ ಮೊದಲು ಈ ಲೋಲಾಕು, ಈ ಮೈನಾ, ನೀನು, ಮೂರೂ ಸಾಹೇಬರ ಮುಂದ ನಿಲ್ಲಬೇಕು. ಆಡು ಕದ್ದಿ ಅಂತ ನಿನ್ನ ಮ್ಯಾಲ ಕೇಸು ಹಾಕಾಕ ಬಂದ್ರ ನಾ ಅಡ್ಡ ನಿಲ್ಲತೀನಿ. ನಿನ್ನ ಆಡು ನೀ ಒಯ್ದಿ. ಏಣಿ ಬಿಡು."

ಏಣಿಯ ತುದಿ ಕೆಳಗಿಳಿಯತೊಡಗಿತು. ತೂಗಾಡುತ್ತ ಪ್ರಯಾಗಾಳ ತಲೆಯ ಮೇಲೆ ಬಂತು. ಎದ್ದು ನಿಂತು ಕೈ ಚಾಚಬೇಕು. ಒಂದು ಕೈ ಮೈನಾನ ಒಳಗಿತ್ತು, ಮಡಚಿದ್ದ ಕಾಲಿನ ಗೊರಸು ಆಗತಾನೇ ಬೆರಳಿಗೆ ಸಿಕ್ಕಿತ್ತು. ಇದೊಂದು ಬಿಡಿಸಿಬಿಡೋಣ ಎಂದುಕೊಂಡಳು.

ಏಣಿ ನಡುವೆಯೇ ನಿಂತಿತು.

"ಗಹರಾಬಾಯೀ, ಹಾಳು ಹಗೇವಿನ ಬಾಯಾಗ ಕುಂತು ಯಾರ ಜೋಡಿ ಮಾತಾಡಾಕತ್ತೀಯವ್ವಾ?"

ಮೆತ್ತಗಿನ ಗಂಡು ದನಿ. ಪಂಚನಾಗಿ ನಿಂತು ಸಹಿ ಹಾಕಿದಾಗಲೂ ಇಷ್ಟೇ ಮೆತ್ತಗಿತ್ತು. ಪ್ರಯಾಗಾ ಟಾರ್ಚ್ ಆರಿಸಿದಳು.

"ಯಾರೂ ಇಲ್ರಿ ಪಾಟೀಲ್ರ. ಆಡು ಈದದ. ಅದರ ಜೋಡಿ..."

"ಸ್ಕೂಟರ್ ಆಡಿಂದೇನು?"

ಬಿಸಿಲಿನ ಚೌಕದಲ್ಲಿ ತಲೆಗೆ ಸುತ್ತಿದ ಒಂದು ಪಟಕಾದ ನೆರಳು ಬಿತ್ತು. ಪಾಟೀಲ ಒಳಗೆ ಬಗ್ಗಿ ನೋಡಲಿಲ್ಲ. ಅವನ ಗಮನ ಗಹರಾಳ ಸೆರಗಿನ ಮೇಲಿತ್ತು.

"ಅಯ್ಯ, ಎಷ್ಟು ಚೆಂದ ಮರಿ. ನಮ್ಮ ಹೋತನ ಮರಿ." ನಿಜವಾದ ಅಕ್ಕರೆ ಇತ್ತು ಆ ಮಾತಿನಲ್ಲಿ, ಅದನ್ನು ಕೇಳಿಯೇ ಪ್ರಯಾಗಾಳಿಗೆ ಭಯವಾಯಿತು. "ಪಾಪ, ಹುಟ್ಟತಲೇ ಕೊರಳಿಗೆ ನೇಣು ಕಟಗೊಂಡು ಬಂದದ. ಇಲ್ಲಿ ಕೊಡವ್ವಾ. ಕೂದಲು ನನ್ನ ಕಿಸೇದಾಗ ಯಾವಾಗಲೂ ಇರ್ತದ."

"ಕೊಡಂಗಿಲ್ಲ," ಎಂದಳು ಗಹರಾ.

"ನಿಮ್ಮ ಮಾವನೂ ಹಿಂಗ ಅಂದ."

ಪಾಟೀಲ ಇದನ್ನು ಹೆಮ್ಮೆಯಿಂದ ಹೇಳಲಿಲ್ಲ, ಬೆದರಿಕೆಯಿಂದಲೂ ಹೇಳಲಿಲ್ಲ. ಬೇಸರದಿಂದ ಹೇಳಿದ. ಮೇಲೆ ಎಳೆದಾಟದ ಸದ್ದಾಯಿತು, ಬಳೆ ಒಡೆದವು, ಮರಿ ಒಂದೇ ಸಮ ಕೂಗಿತು.

ಪ್ರಯಾಗಾಳ ಮೇಲೆ ಏನೋ ಧೊಪ್ಪನೆ ಬಿತ್ತು. ಕೈಯಾಡಿಸಿದಳು. ಏಣಿ. ಇಡೀ ಏಣಿ, ಮೇಲಿನ ಹಗ್ಗ ಎರಡೂ ಕತ್ತರಿಸಿದ್ದವು.

ಚಪ್ಪಡಿ ಸರಿಯಿತು. ಈ ಸಲ ಅದು ನಡುವೆ ಎಲ್ಲಿಯೂ ತಡೆಯಲಿಲ್ಲ. ಅದರ ಮೇಲೆ ಇನ್ನೊಂದು ಕಲ್ಲು ಉರುಳಿ ಬಂದು ಕೂತ ಸದ್ದೂ ಕೇಳಿಸಿತು. ಮರಿಯ ಕೂಗು ತೆಳ್ಳಗಾಗಿ ನಿಂತುಹೋಯಿತು.

ಕತ್ತಲಲ್ಲಿ ಮೈನಾ ಕೊನೆಯ ಬಲ ಹಾಕಿ ತಿಣುಕಿತು. ಬಿಡಿಸಿದ ಕಾಲು ಹೊರಬಂತು, ಅದರ ಹಿಂದೆ ಬಿಸಿಬಿಸಿಯಾಗಿ ಎರಡನೆಯ ಮರಿ ಪ್ರಯಾಗಾಳ ಅಂಗೈಗೆ ಜಾರಿತು. ಗಂಡೋ ಹೆಣ್ಣೋ ಅವಳು ನೋಡಲಿಲ್ಲ. ಅವಳ ಬೆರಳು ತಾವಾಗಿಯೇ ಹುಡುಕಿದ್ದು ಅದರ ಕೊರಳನ್ನು.

"ಗಹರಾ!" ಎಂದು ಮೇಲಕ್ಕೆ ಮುಖ ಮಾಡಿ ಕೂಗಿದಳು. "ಇದಕ್ಕೂ ಎರಡೂ ಕಡೆ ಅದಾವ! ಕೇಳಸ್ತೇನು?"

ಮೇಲಿನಿಂದ ಯಾರೂ ಏನೂ ಕೇಳಲಿಲ್ಲ.